ಗಂಡಸರ ಎದೆಗಂಟು, ಕ್ಲೈನ್‌ಫೆಲ್ಟರ್: ಡಾಕ್ಟರ್ ಜೊತೆ ಪ್ರಶ್ನೋತ್ತರ

ಬದಿಯಡ್ಕದ ತಂಗಿ: ಡಾಕ್ಟರೇ, ನಮಸ್ಕಾರ. ಅಣ್ಣನಿಗೆ 48 ವರ್ಷ. ಮಕ್ಕಳಾಗಲಿಲ್ಲ ಅಂತ ಪರೀಕ್ಷೆ ಮಾಡಿಸಿದಾಗ ಕ್ಲೈನ್‌ಫೆಲ್ಟರ್ ಇದೆ ಅಂತ ಗೊತ್ತಾಗಿತ್ತು. ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೊಳ್ತಾನೆ. ಈಗ ಎಡ ಎದೆಯಲ್ಲಿ ಗಟ್ಟಿ ಗಂಟು. ನೋವಿಲ್ಲ. ತೊಟ್ಟು ಒಳಗೆ ಎಳೆದುಕೊಂಡಿದೆ. ಬನಿಯನ್ ಒಗೆಯುವಾಗ ಅದೇ ಜಾಗದಲ್ಲಿ ಕಂದು ಕಲೆ ಇರುವುದನ್ನು ಅತ್ತಿಗೆ ನೋಡಿದ್ದಾರೆ. 'ನನ್ನ ಎದೆ ಮೊದಲಿಂದಲೂ ಹೀಗೇ' ಅಂತಾನೆ. ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತಾ?

ಡಾಕ್ಟರ್: ಬರುತ್ತದೆ ತಂಗೀ. ಒಟ್ಟು ಸ್ತನ ಕ್ಯಾನ್ಸರಿನಲ್ಲಿ ಸುಮಾರು 100ಕ್ಕೆ 1 ಗಂಡಸರದ್ದು. ಅಣ್ಣನ ವಿಷಯ ಓದಿ ನನಗೆ ಚಿಂತೆಯಾಗಿದೆ, ಅದಕ್ಕೇ ಉದ್ದ ಬರೆಯುತ್ತೇನೆ.

ಗಂಡಸರಲ್ಲಿ ಒಂದು ಎಕ್ಸ್, ಒಂದು ವೈ ಕ್ರೋಮೋಸೋಮ್ ಇರುತ್ತದೆ. ಕ್ಲೈನ್‌ಫೆಲ್ಟರ್ ಇರುವವರಲ್ಲಿ ಹುಟ್ಟಿನಿಂದಲೇ ಒಂದು ಎಕ್ಸ್ ಜಾಸ್ತಿ. ಟೆಸ್ಟೋಸ್ಟಿರಾನ್ ಕಮ್ಮಿ, ಅದಕ್ಕೆ ಹೋಲಿಸಿದರೆ ಈಸ್ಟ್ರೋಜೆನ್ ಜಾಸ್ತಿ. ಹಾಗಾಗಿ ಎದೆ ಬೆಳೆಯುತ್ತದೆ. 1942ರಲ್ಲಿ ಹ್ಯಾರಿ ಕ್ಲೈನ್‌ಫೆಲ್ಟರ್ ಮೊದಲು ವಿವರಿಸಿದ 9 ಗಂಡಸರಿಗೂ ಎದೆ ಬೆಳೆದಿತ್ತು. ಅಪಾಯ ಇರುವುದೇ ಇಲ್ಲಿ. ಹೊಸ ಗಂಟು ಬಂದರೂ 'ಇದು ಹಳೇದು' ಅಂತ ಎಲ್ಲರೂ ಸುಮ್ನಿರುತ್ತಾರೆ.

ಬ್ರಿಟನ್ನಿನಲ್ಲಿ ಇಂಥ ಸಾವಿರಾರು ಗಂಡಸರನ್ನು ವರ್ಷಗಟ್ಟಲೆ ಗಮನಿಸಿದಾಗ, ಉಳಿದ ಗಂಡಸರಿಗಿಂತ ಸುಮಾರು 19 ಪಟ್ಟು ಹೆಚ್ಚು ಸ್ತನ ಕ್ಯಾನ್ಸರ್ ಕಂಡಿತ್ತು. ಆದರೂ ಹೆಂಗಸರಿಗಿಂತ ಕಮ್ಮಿಯೇ. ಹೆಚ್ಚಿನವರಿಗೆ ಬರುವುದೇ ಇಲ್ಲ.

ಮಾಮೂಲಿ ಎದೆ ಊತ ರಬ್ಬರಿನ ಬಿಲ್ಲೆಯ ಹಾಗಿರುತ್ತದೆ. ಸಾಮಾನ್ಯವಾಗಿ ಎರಡೂ ಕಡೆ, ಮುಟ್ಟಿದರೆ ನೋವು. ಒಂದೇ ಕಡೆ, ಗಟ್ಟಿ, ನೋವಿಲ್ಲ, ತೊಟ್ಟು ಒಳಗೆ, ರಕ್ತದ ಕಲೆ: ಇದು ಕಾಯುವ ಲಕ್ಷಣ ಅಲ್ಲ. ಈ ವಾರವೇ ಹೋಗಿ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಆಗಬಹುದು, ಮಂಗಳೂರೂ ಆಗಬಹುದು. ಮ್ಯಾಮೋಗ್ರಾಂ, ಅಲ್ಟ್ರಾಸೌಂಡ್, ಸೂಜಿ ಬಯಾಪ್ಸಿ ಮಾಡುತ್ತಾರೆ. ಕಂಕುಳನ್ನೂ ನೋಡಲು ಹೇಳಿ. ಮುಂದಿನ ಇಂಜೆಕ್ಷನ್ ಹಾಕುವ ಮೊದಲು ಆ ಡಾಕ್ಟರಿಗೆ ಗಂಟಿನ ವಿಷಯ ತಿಳಿಸಲೇಬೇಕು.

ಕ್ಯಾನ್ಸರ್ ಆಗಿದ್ದರೂ ಬೇಗ ಸಿಕ್ಕಿದರೆ ಗುಣ ಆಗುವ ಸಾಧ್ಯತೆ ಚೆನ್ನಾಗಿದೆ. ಗಂಡಸರಲ್ಲಿ ಬರುವ ಹೆಚ್ಚಿನವು ಹಾರ್ಮೋನಿಗೆ ಸ್ಪಂದಿಸುವಂಥವು, ಟಮಾಕ್ಸಿಫೆನ್ ಮಾತ್ರೆ ಕೆಲಸ ಮಾಡುತ್ತದೆ.

ಉಪ್ಪಳ ಅಂಗಡಿ: ಮಗನಿಗೆ 14. ಎರಡೂ ಎದೆ ಉಬ್ಬಿದೆ. ಕ್ಯಾನ್ಸರಾ?

ಡಾಕ್ಟರ್: ಆ ವಯಸ್ಸಿನಲ್ಲಿ ಮಾಮೂಲು. ಎರಡು ವರ್ಷದಲ್ಲಿ ಇಳಿಯದಿದ್ದರೆ ತೋರಿಸಿ.

ಕುಂಬಳೆ ಕೃಷಿಕ: ಫಾರ್ವರ್ಡ್ ಬಂದದ್ದು: ಲಕ್ಷ್ಮಣ ಫಲದ ಎಲೆ ಕಷಾಯ ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿ. ಗಂಟಿಗೆ ಅರಿಶಿನ ಹಚ್ಚಿ.

ಡಾಕ್ಟರ್: ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ. ಲ್ಯಾಬಿನ ತಟ್ಟೆಯಲ್ಲಿ ಜೀವಕೋಶ ಸತ್ತದ್ದಕ್ಕೂ ಮನುಷ್ಯ ಗುಣವಾಗುವುದಕ್ಕೂ ತುಂಬ ದೂರ. ಆ ಗಿಡದ ಅನೋನಾಸಿನ್ ನರಗಳಿಗೆ ವಿಷ. ಕಷಾಯ ಕುಡಿದು ತಿಂಗಳುಗಟ್ಟಲೆ ಕಾದು, ಗಂಟು ಹುಣ್ಣಾದ ಮೇಲೆ ಬರುವವರನ್ನು ನಾನು ನೋಡುತ್ತೇನೆ.

ಪಡ್ರೆಯ ಸದಸ್ಯ: ಇದೂ ಎಂಡೋಸಲ್ಫಾನ್ ಕೀಟನಾಶಕದಿಂದಲೇ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಸುರಿದದ್ದು ಮರೆತಿರಾ?

ಮುಳ್ಳೇರಿಯ ಟೀಚರ್: ಎಲ್ಲದಕ್ಕೂ ಎಂಡೋ ಅಂದರೆ ನಿಜವಾದ ಪೀಡಿತರ ಮಾತನ್ನೂ ಯಾರೂ ನಂಬುವುದಿಲ್ಲ.

ಪಡ್ರೆಯ ಸದಸ್ಯ: 2011ರಲ್ಲಿ ಸುಪ್ರೀಂ ಕೋರ್ಟ್ ಸುಮ್ನೆ ನಿಷೇಧ ಮಾಡಿತಾ? 2017ರಲ್ಲಿ ಪೀಡಿತರಿಗೆ 5 ಲಕ್ಷ ಕೊಡಿ ಅಂತ ಸುಮ್ನೆ ಹೇಳಿತಾ?

ಮುಳ್ಳೇರಿಯ ಟೀಚರ್: ಅದನ್ನು ಯಾರು ಇಲ್ಲ ಅಂದರು? ಓದಿ ಉತ್ತರ ಕೊಡಿ.

ಪಡ್ರೆಯ ಸದಸ್ಯ: ನಿಮ್ಮ ಮನೆ ಮೇಲೆ ಹಾರಿದ್ದರೆ ಗೊತ್ತಾಗುತ್ತಿತ್ತು.

ಕುಂಬಳೆ ಕೃಷಿಕ: ಅರಿಶಿನದಿಂದ ಯಾರಿಗೂ ಹಾಳಾಗಿಲ್ಲ, ಡಾಕ್ಟರೇ.

ಡಾಕ್ಟರ್: ಜಗಳ ಬೇರೆ ಕಡೆ ಮಾಡಿ. ಎಂಡೋಸಲ್ಫಾನಿನ ನೋವು ನಿಜ. ಆದರೆ ಕ್ಲೈನ್‌ಫೆಲ್ಟರ್ ಅಂಡಾಣು ಅಥವಾ ವೀರ್ಯಾಣು ಆಗುವಾಗ ಕ್ರೋಮೋಸೋಮ್ ಸರಿಯಾಗಿ ಬೇರೆಯಾಗದೆ ಬರುವಂಥದ್ದು. ಸಿಂಪಡಣೆ ಕಾಣದ ದೇಶಗಳಲ್ಲೂ ಇದೆ. ಅಪ್ಪ ಅಮ್ಮನ ತಪ್ಪೂ ಅಲ್ಲ. ಅರಿಶಿನ ಸಾರಿಗೆ ಹಾಕಿ, ಗಂಟಿಗೆ ಬೇಡ.

ಮಂಜೇಶ್ವರ: ನಾನು ಉದ್ದ ಇದ್ದೇನೆ, ಗಡ್ಡ ಕಮ್ಮಿ. ಟೆಸ್ಟ್ ಬೇಕಾ?

ಪೆರ್ಲ: ಕೇರಳದ ಆರೋಗ್ಯ ಕಾರ್ಡ್ ಮಂಗಳೂರಿನಲ್ಲಿ ನಡೆಯುತ್ತಾ?

ಉಪ್ಪಳ ಅಂಗಡಿ: ಮಗನಿಗೆ 14. ಎದೆ ಉಬ್ಬಿದೆ...

ಡಾಕ್ಟರ್: ಮೇಲೆ ಓದಿ. ಮಂಜೇಶ್ವರದವರೇ, ಬರೀ ಎತ್ತರ, ಗಡ್ಡ ನೋಡಿ ಹೇಳಲು ಆಗುವುದಿಲ್ಲ. ಬೀಜ ತುಂಬ ಚಿಕ್ಕದಾಗಿದ್ದರೆ, ಮಕ್ಕಳಾಗದಿದ್ದರೆ ಕ್ಯಾರಿಯೋಟೈಪ್ (ಕ್ರೋಮೋಸೋಮ್ ನೋಡುವ ಪರೀಕ್ಷೆ) ಮಾಡಿಸಿ, ರಕ್ತ ಕೊಟ್ಟರೆ ಸಾಕು. ಬದಿಯಡ್ಕದ ತಂಗೀ, ಅಣ್ಣ ಒಪ್ಪಿದರಾ?

ಬದಿಯಡ್ಕದ ತಂಗಿ: ಹೆಂಗಸರ ಸಾಲಿನಲ್ಲಿ ಕೂರಲು ನಾಚಿಕೆ ಅಂದ. ಅತ್ತಿಗೆ ಬೈದ ಮೇಲೆ ಒಪ್ಪಿದ. ನಾಳೆ ಬೆಳಗ್ಗೆ ಮಂಗಳೂರಿಗೆ. ಹಳೇ ರಿಪೋರ್ಟ್ ಸಿಗ್ತಾ ಇಲ್ಲ.

ಡಾಕ್ಟರ್: ರಿಪೋರ್ಟ್ ಹುಡುಕುತ್ತಾ ಕೂರಬೇಡಿ. ಹೊರಡಿ.

ಪೆರ್ಲ: ಕಾರ್ಡಿನ ಪ್ರಶ್ನೆಗೆ ಉತ್ತರ ಕೊಡಲು ಯಾರಿಗೂ ಪುರುಸೊತ್ತಿಲ್ಲ ಅಲ್ವಾ?