ಕೀ ಕೊಡೋ ವಾಚ್‌ಗೆ ಮ್ಯಾಗ್ನೆಟ್ ಹಿಡಿದಿದೆ ಅಂತಾರೆ, ತೆಗೆಯೋದು ಹೇಗೆ?

ಶಿರಸಿ_ತೋಟದಮನೆ:
ಎಲ್ರಿಗೂ ನಮಸ್ಕಾರ. ಅಪ್ಪಯ್ಯಂದು ಹಳೇ ಎಚ್ಎಂಟಿ ವಾಚ್ ಇದೆ, ಬೆಳಿಗ್ಗೆ ಕೀ ಕೊಟ್ಟು ಕಟ್ಕೊಂಡೇ ತೋಟಕ್ಕೆ ಹೋಗೋದು ಅವರ ರೂಢಿ. ಇಷ್ಟು ವರ್ಷ ಸರಿಯಾಗೇ ಇತ್ತು, ಈಗ ಸ್ವಲ್ಪ ದಿನದಿಂದ ಒಂದೇ ಸಮ ಮುಂದೆ ಓಡ್ತಿದೆ, ಮಧ್ಯಾಹ್ನದ ಊಟದ ಹೊತ್ತಿಗೇ ಹತ್ತು ನಿಮಿಷ ಮುಂದೆ ಹೋಗಿರ್ತದೆ. ಪೇಟೆಲಿ ರಿಪೇರಿಯವರು ಬಿಚ್ಚಿ ನೋಡಿ ಒಳಗೆ ಏನೂ ಮುರಿದಿಲ್ಲ, ಮ್ಯಾಗ್ನೆಟ್ ಹಿಡಿದಿರಬೇಕು, ಅದನ್ನ ತೆಗೆಯೋ ಮಷಿನ್ ನನ್ನ ಹತ್ರ ಇಲ್ಲ ಅಂದ್ರು. ರಾತ್ರಿ ವಾಚ್ ಬಿಚ್ಚಿ ಇಡೋದು ಬ್ಲೂಟೂತ್ ಸ್ಪೀಕರ್ ಮೇಲೆ, ಅದ್ರಿಂದ ಆಗಿರಬಹುದಾ? ಒಬ್ರು ಬಿಸಿ ಮಾಡಿದ್ರೆ ಹೋಗ್ತದೆ ಅಂತಾರೆ, ಇನ್ನೊಬ್ರು ಬೇರೆ ಮ್ಯಾಗ್ನೆಟ್ ಉಲ್ಟಾ ಹಿಡಿ ಅಂತಾರೆ. ಬೇರೆ ವಾಚ್ ತಂದ್ಕೊಟ್ರೆ ಅಪ್ಪಯ್ಯ ಕಟ್ಟೋದಿಲ್ಲ, ಹಾಗಾಗಿ ಇದನ್ನೇ ಸರಿ ಮಾಡಿಸ್ಬೇಕು. ಗೊತ್ತಿದ್ದವರು ಹೇಳಿ.

ಬೈತಖೋಲ್_ಲೇತ್:
ಸ್ಪೀಕರ್‌ನಿಂದ ಖಂಡಿತ ಆಗ್ತದೆ, ಒಳಗೆ ಒಳ್ಳೆ ಜೋರಿನ ಮ್ಯಾಗ್ನೆಟ್ ಇರ್ತದೆ. ವಾಚ್ ಒಳಗಿನ ಹೇರ್‌ಸ್ಪ್ರಿಂಗ್ ಕೂದಲಿನಷ್ಟು ತೆಳು, ಮ್ಯಾಗ್ನೆಟ್ ಹಿಡಿದ್ರೆ ಅದರ ಸುತ್ತುಗಳು ಒಂದಕ್ಕೊಂದು ಅಂಟ್ಕೊಳ್ತವೆ, ಸ್ಪ್ರಿಂಗ್ ಗಿಡ್ಡ ಆದ ಲೆಕ್ಕ, ಟೈಮಿನ ಲೆಕ್ಕ ಇಡೋ ಬ್ಯಾಲೆನ್ಸ್ ಚಕ್ರ ಬೇಗ ಬೇಗ ಆಡ್ತದೆ, ಅದಕ್ಕೇ ಟೈಮ್ ಮುಂದೆ ಓಡೋದು.

ಬಿಸಿ ಗಿಸಿ ಮಾಡೋಕೆ ಹೋಗ್ಬೇಡಿ ಮಾರಾಯ್ರೆ. ಕಬ್ಬಿಣದ ಮ್ಯಾಗ್ನೆಟ್ ಪೂರ್ತಿ ಹೋಗೋದು 770 ಡಿಗ್ರಿ ದಾಟಿದ ಮೇಲೆ, ಅದಕ್ಕಿಂತ ಎಷ್ಟೋ ಮೊದ್ಲೇ ಸ್ಟೀಲಿನ ಹದ ಹೋಗಿರ್ತದೆ. ಉಲ್ಟಾ ಮ್ಯಾಗ್ನೆಟ್ ಹಿಡಿಯೋದೂ ಬೇಡ, ಎಷ್ಟು ಹಿಡಿದ್ರೆ ಸೊನ್ನೆಗೆ ಬರ್ತದೆ ಅಂತ ಕಣ್ಣಳತೆಲಿ ಗೊತ್ತಾಗೋದಿಲ್ಲ, ಒಂದು ದಿಕ್ಕಿಂದು ಹೋಗಿ ಇನ್ನೊಂದು ದಿಕ್ಕಿಗೆ ಹಿಡ್ಕೊಳ್ತದೆ.

ಮೊದ್ಲು ಮ್ಯಾಗ್ನೆಟ್ ಹೌದೋ ಅಲ್ವೋ ನೋಡ್ಕೊಳಿ. ಒಂದು ಸಣ್ಣ ದಿಕ್ಸೂಚಿ ಮೇಜಿನ ಮೇಲಿಟ್ಟು ಅದರ ಪಕ್ಕ ವಾಚ್ ನಿಧಾನ ತಿರುಗಿಸಿ. ಮುಳ್ಳು ಬರೀ ವಾಚ್ ಕಡೆಗೆ ಎಳೀತು ಅಂದ್ರೆ ಏನೂ ಹೇಳೋಕಾಗಲ್ಲ, ಯಾವ ಕಬ್ಬಿಣ ಆದ್ರೂ ಎಳೀತದೆ. ಅದೇ ಮುಳ್ಳಿನ ತುದಿ ವಾಚಿನ ಒಂದು ಮಗ್ಗುಲಿಗೆ ಹತ್ತಿರ ಬಂದು ಇನ್ನೊಂದು ಮಗ್ಗುಲಿಗೆ ದೂರ ಓಡಿದ್ರೆ ಮ್ಯಾಗ್ನೆಟ್ ಹಿಡಿದಿದ್ದು ಗ್ಯಾರಂಟಿ.

ತೆಗೆಯೋದು ಎಸಿ ಕರೆಂಟಿನ ಕಾಯಿಲ್‌ನಿಂದ. ಗ್ರೈಂಡಿಂಗ್ ಮಷಿನ್‌ನ ಮ್ಯಾಗ್ನೆಟಿಕ್ ಚಕ್ (ಪೀಸನ್ನ ಮ್ಯಾಗ್ನೆಟ್‌ನಿಂದ ಹಿಡಿಯೋ ಮೇಜು) ಮೇಲೆ ಹಿಡಿದ ಪೀಸಿಗೆಲ್ಲ ಕಬ್ಬಿಣದ ಪುಡಿ ಮೆತ್ಕೊಂಡೇ ಬರ್ತದೆ, ಹಾಗೇ ಬೇರಿಂಗ್ ಒಳಗೆ ಹೋದ್ರೆ ಬೇರಿಂಗ್ ಸವೆದು ಹೋಗ್ತದೆ, ಅದಕ್ಕೇ ನಮ್ಮ ಶಾಪ್‌ನಲ್ಲಿ ಆ ಕಾಯಿಲ್ ಇಟ್ಟಿದ್ದು. ನಮ್ಮ ಮನೆ ಕರೆಂಟ್ 50 ಹರ್ಟ್ಜ್, ಅಂದ್ರೆ ಕಾಯಿಲ್ ಒಳಗಿನ ಎಳೆತ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸ್ತದೆ. ವಸ್ತು ಅದರೊಳಗಿಟ್ಟು ಕರೆಂಟ್ ಇರುವಾಗಲೇ ನಿಧಾನ ಒಂದು ಮಾರು ದೂರಕ್ಕೆ ಎಳ್ಕೊಂಡು ಹೋದ್ರೆ ಪ್ರತಿ ಸಲವೂ ಎಳೆತ ಸ್ವಲ್ಪ ಸ್ವಲ್ಪ ಕಮ್ಮಿಯಾಗ್ತಾ ಬಂದು, ಉಯ್ಯಾಲೆ ತಾನಾಗೇ ನಡುವಿಗೆ ಬಂದು ನಿಂತ ಹಾಗೆ, ಕಡೆಗೆ ಯಾವ ದಿಕ್ಕಿಗೂ ಉಳಿಯೋದಿಲ್ಲ. ವಸ್ತು ಒಳಗೇ ಇರುವಾಗ ಮಾತ್ರ ಸ್ವಿಚ್ ಆಫ್ ಮಾಡ್ಲೇಬಾರದು. ಆ ಕ್ಷಣಕ್ಕೆ ಎಳೆತ ಯಾವ ಕಡೆಗಿತ್ತೋ ಆ ಕಡೆಗೇ ಮತ್ತೆ ಹಿಡೀತದೆ, ಕೆಲವು ಸಲ ಮೊದ್ಲಿಗಿಂತ ಜಾಸ್ತಿ.

ಹೊನ್ನಾವರ_ಟಿವಿ:
ಮೇಲೆ ಹೇಳಿದ್ದು ಸರಿಯಾಗೇ ಇದೆ. ಹಳೇ ಡಬ್ಬ ಕಲರ್ ಟಿವಿ ಸ್ವಿಚ್ ಹಾಕಿದ ಕೂಡ್ಲೇ ಧುಮ್ ಅಂತ ಒಂದು ಶಬ್ದ ಬರ್ತಿತ್ತಲ್ಲ ಅದೂ ಇದೇ ಕೆಲಸ. ಪಿಕ್ಚರ್ ಟ್ಯೂಬ್ ಸುತ್ತ ಒಂದು ಕಾಯಿಲ್, ಅದರ ಜೊತೆ ಒಂದು ಥರ್ಮಿಸ್ಟರ್. ಕರೆಂಟ್ ಹರಿದ ಹಾಗೆ ಥರ್ಮಿಸ್ಟರ್ ಬಿಸಿಯಾಗಿ ಕರೆಂಟನ್ನ ತಾನೇ ಇಳಿಸ್ಕೊಂಡು ಬರ್ತಿತ್ತು, ಹಾಗಾಗಿ ಯಾರೂ ಏನೂ ದೂರ ಎಳೀಬೇಕಾಗಿರ್ಲಿಲ್ಲ. ಪಕ್ಕದಲ್ಲಿ ದೊಡ್ಡ ಸ್ಪೀಕರ್ ಇಟ್ಟು ಪರದೆ ಮೂಲೆಲಿ ಹಸಿರು ನೇರಳೆ ಕಲೆ ಜೋರಾಗಿ ಬಿದ್ದಿದ್ರೆ ಮಾತ್ರ ಬಳೆ ಥರದ ದೊಡ್ಡ ಕಾಯಿಲ್ ಕೈಲಿ ಹಿಡ್ಕೊಂಡು ಪರದೆ ಮುಂದೆ ಸುತ್ತು ತಿರುಗಿಸ್ತಾ ಹಿಂದೆ ಹಿಂದೆ ನಡೀತಿದ್ವಿ.

ವಾಚ್‌ಗೆ ಅಂತ ಆನ್‌ಲೈನಲ್ಲಿ ಸಣ್ಣ ನೀಲಿ ಡಬ್ಬಿ ಸಿಗ್ತದೆ, ರೇಟ್ ಜಾಸ್ತಿ ಏನಿಲ್ಲ. ಬಟನ್ ಒತ್ತಿ ಹಿಡಿದು, ವಾಚ್ ಮೇಲಕ್ಕೆತ್ತಿ ದೂರ ಒಯ್ದು, ಆಮೇಲೆ ಬಟನ್ ಬಿಡಿ. ತುಂಬಾ ಹೊತ್ತು ಒತ್ತಿ ಹಿಡಿದ್ರೆ ಕಾಯಿಲ್ ಸುಡ್ತದೆ. ಮನೇಲಿ ತಂತಿ ಸುತ್ತಿ 230 ವೋಲ್ಟಿಗೆ ನೇರ ಕೊಡೋ ಸಾಹಸ ದಯವಿಟ್ಟು ಯಾರೂ ಮಾಡ್ಬೇಡಿ.

ತದಡಿ_ಬಂದರು:
ಒಂದು ಡೌಟು. ನಮ್ಮ ಬೋಟಿನ ದಿಕ್ಸೂಚಿ ಸರಿ ತೋರಿಸ್ತಿಲ್ಲ, ಅದನ್ನೂ ಈ ಡಬ್ಬಿಲಿ ಹಿಡಿದ್ರೆ ಸರಿಯಾಗ್ತದಾ?

ಬೈತಖೋಲ್_ಲೇತ್:
ಅಯ್ಯೋ ಬೇಡ ಬೇಡ. ಅದರ ಮುಳ್ಳೇ ಮ್ಯಾಗ್ನೆಟ್, ಕಾಯಿಲ್ ಹತ್ರ ಹೋದ್ರೆ ಮುಳ್ಳು ಸತ್ತೇ ಹೋಗ್ತದೆ. ಬೋಟ್ ನಡೆಸೋ ಕ್ಯಾಬಿನ್‌ನಲ್ಲಿ ದಿಕ್ಸೂಚಿ ಪಕ್ಕ ಸ್ಪೀಕರ್, ಮೊಬೈಲ್, ಸ್ಪ್ಯಾನರ್ ಏನಾದ್ರೂ ಇದ್ರೆ ತೆಗೆದು ದೂರ ಇಡಿ. ಭೂಮಿಯ ಮ್ಯಾಗ್ನೆಟ್ ಎಳೆತ ನಮ್ಮ ಕಡೆ ಸುಮಾರು 40 ಮೈಕ್ರೋಟೆಸ್ಲಾ (ಮ್ಯಾಗ್ನೆಟ್ ಜೋರು ಅಳೆಯೋ ಲೆಕ್ಕ) ಅಷ್ಟೇ, ಪಕ್ಕದ ಸ್ಪೀಕರ್ ಮುಂದೆ ಅದು ಏನೇನೂ ಅಲ್ಲ. ಸೆಲ್ ವಾಚನ್ನೂ ಡಬ್ಬಿಲಿ ಹಿಡೀಬೇಡಿ, ಅದರ ಮೋಟರ್ ಒಳಗೂ ಸಣ್ಣ ಮ್ಯಾಗ್ನೆಟ್ ಇರ್ತದೆ.

ಆದ್ರೆ ಹಡಗಿನ ಮೈಗೆ ಹಿಡಿದಿದ್ದು ಬೇರೆ ವಿಷಯ. ಕಬ್ಬಿಣದ ಹಡಗು ಕಟ್ಟುವಾಗಲೇ ಭೂಮಿಯ ಎಳೆತ ಹಿಡ್ಕೊಳ್ತದೆ. 1939ರಲ್ಲಿ ಜರ್ಮನಿಯವರು ಆ ಎಳೆತ ಗುರುತಿಸಿ ಸಿಡಿಯೋ ಮೈನ್ ಸಮುದ್ರದಲ್ಲಿ ಇಟ್ಟಾಗ ಬ್ರಿಟಿಷರು ಹಡಗಿನ ಸುತ್ತ ಕೇಬಲ್ ಸುತ್ತಿ ಕರೆಂಟ್ ಹರಿಸಿ ಅದನ್ನ ಅಡಗಿಸಿದ್ರು. ಕಾರವಾರದ ಹತ್ರ ಅರ್ಗಾ ನೇವಿ ಬೇಸ್ ಕಡೆ ದೊಡ್ಡ ದೊಡ್ಡ ಹಡಗು ಕಂಡಾಗೆಲ್ಲ ನಂಗೆ ಇದೇ ನೆನಪಾಗೋದು.

ಶಿರಸಿ_ತೋಟದಮನೆ:
ತುಂಬಾ ಉಪಕಾರ ಆಯ್ತು. ದಿಕ್ಸೂಚಿ ಇಟ್ಟು ನೋಡಿದೆ, ನೀವು ಹೇಳಿದ ಹಾಗೇ ಮುಳ್ಳಿನ ತುದಿ ಒಂದು ಮಗ್ಗುಲಿಗೆ ದೂರ ಓಡ್ತದೆ. ಡಬ್ಬಿ ತರಿಸ್ಲಾ ಅಥವಾ ಘಟ್ಟ ಇಳಿದು ನಿಮ್ಮ ಶಾಪಿಗೇ ತರ್ಲಾ?

ಬೈತಖೋಲ್_ಲೇತ್:
ಡಬ್ಬಿ ಸಾಕು, ಇಷ್ಟಕ್ಕೆ ಅಷ್ಟು ದೂರ ಬರೋದು ಯಾಕೆ. ಅದು ಬರೋವರೆಗೂ ರಿಪೇರಿಯವರಿಗೆ ಸ್ಪೀಡ್ ಅಡ್ಜಸ್ಟ್ ಮಾಡೋಕೆ ಮಾತ್ರ ಕೊಡ್ಬೇಡಿ, ಈಗ ಹಿಂದಕ್ಕೆ ಇಟ್ರೆ ಮ್ಯಾಗ್ನೆಟ್ ಹೋದ್ಮೇಲೆ ಟೈಮ್ ನಿಧಾನ ಆಗಿಬಿಡ್ತದೆ. ಮ್ಯಾಗ್ನೆಟ್ ತೆಗೆದ ಮೇಲೂ ಮುಂದೇ ಓಡಿದ್ರೆ ಹೇರ್‌ಸ್ಪ್ರಿಂಗಿಗೆ ಎಣ್ಣೆ ತಾಗಿರಬಹುದು, ಅದ್ರಿಂದಲೂ ಸುತ್ತು ಅಂಟ್ಕೊಳ್ತದೆ, ಆವಾಗ ಬಿಚ್ಚಿ ಸರ್ವಿಸ್ ಮಾಡಿಸ್ಲೇಬೇಕು.