ಊರಿಗೆ ವಾಪಸ್ ಬರುವವರಿಗೆ, ನಮ್ಮ ಚುಕ್ಕಿಯ ಹಲ್ಲಿನ ಕಥೆ

ಏಪ್ರಿಲಿನಲ್ಲಿ ಮಂಗಳೂರಿಗೆ ಬಂದು ನೆಲೆಸ್ತೇವೆ, ಮಕ್ಕಳ ಶಾಲೆ ಗೊತ್ತಾಗಿದೆ, ಆದರೆ 9 ವರ್ಷದ ಲ್ಯಾಬ್ರಡಾರ್‌ಗೆ ಹಲ್ಲಿನ ಡಾಕ್ಟ್ರು ಸಿಗ್ತಾರಾ ಅಂತ ಒಬ್ಬರು ಕೇಳಿದ್ದರಲ್ಲ, ಅವರಿಗೆ ಇದು. ನಕ್ಕವರು ನಗಲಿ ಬಿಡಿ. ನಾವು ಟೊರಾಂಟೊ ಬಿಟ್ಟು ಉಡುಪಿ ಹತ್ತಿರದ ಕಟಪಾಡಿಗೆ ಬಂದು 3 ವರ್ಷವಾಯಿತು.

ಚುಕ್ಕಿ ಇಲ್ಲೇ ಸಿಕ್ಕ ಊರ ನಾಯಿ. ಅಂಗಳದಲ್ಲಿ ತೆಂಗಿನ ಗೆರಟೆ ಕಂಡರೆ ಸಾಕು, ಗಂಟೆಗಟ್ಟಲೆ ಕಡಿಯುತ್ತಾ ಕೂರುತ್ತಿದ್ದಳು. ಹಲ್ಲು ಗಟ್ಟಿಯಾಗ್ತದೆ, ಕಡಿಯಲಿ ಅಂತ ಅಮ್ಮ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನೋಡಿದರೆ ಬಲಗಣ್ಣಿನ ಕೆಳಗೆ ಊದಿಕೊಂಡಿದೆ. ಕಣಜ ಕಚ್ಚಿರಬೇಕು ಅಂದುಕೊಂಡೆವು. ಕ್ಲಿನಿಕ್ಕಿನಲ್ಲಿ ಆಂಟಿಬಯಾಟಿಕ್ ಕೊಟ್ಟರು, ಇಳಿಯಿತು. ತಿಂಗಳು ಬಿಟ್ಟು ಮತ್ತೆ ಊತ, ಮತ್ತೆ ಅದೇ ಮಾತ್ರೆ. ಮೂರನೇ ಸಲ ಮಗಳು ಹೇಳಿದಳು, "ಅಪ್ಪಾ, ಚುಕ್ಕಿ ಒಂದೇ ಬದಿಯಲ್ಲಿ ಅಗಿತಾಳೆ." ತುಟಿ ಎತ್ತಿ ಟಾರ್ಚ್ ಹಾಕಿದೆ. ಮೇಲಿನ ದೊಡ್ಡ ಹಲ್ಲಿನ ಹೊರಮೈ, ಅಡಿಕೆ ಸೀಳಿದ ಹಾಗೆ ಒಂದು ಹೋಳು ಎದ್ದು ಹೋಗಿತ್ತು. ನಡುವೆ ಸಾಸಿವೆ ಕಾಳಿನಷ್ಟು ಕಪ್ಪು ತೂತು.

ಆ ಹಲ್ಲಿನ ಬೇರುಗಳು ಹೆಚ್ಚುಕಡಿಮೆ ಕಣ್ಣಿನ ಕೆಳಗೇ ಇರುತ್ತವೆ. ಒಡೆದ ಜಾಗದಿಂದ ಸೋಂಕು ಒಳಗಿಳಿದು ಬೇರಿನ ತುದಿಯಲ್ಲಿ ಕೀವು ಕಟ್ಟಿದರೆ ಊದುವುದು ಮುಖ. ಮಾತ್ರೆಯಿಂದ ಊತ ಇಳಿಯುತ್ತದೆ ಅಷ್ಟೇ, ಹಲ್ಲು ಹಾಗೇ ಇದ್ದರೆ ಮತ್ತೆ ಬರುತ್ತದೆ. ಒಂದೋ ರೂಟ್ ಕೆನಾಲ್, ಇಲ್ಲವೇ ಕೀಳಬೇಕು. ಬೇರು 3 ಇರುವುದರಿಂದ ಎಳೆದು ಕೀಳುವ ಹಾಗಿಲ್ಲ. ಹಲ್ಲನ್ನು ಕೊಯ್ದು ಒಂದೊಂದೇ ಬೇರು ಬಿಡಿಸಬೇಕು.

ಟೊರಾಂಟೊದಲ್ಲಿ ನಮ್ಮ ಬೆಕ್ಕಿಗೆ ಹಲ್ಲು ಕರಗುವ ತೊಂದರೆ ಬಂದಾಗ ಡಾಕ್ಟ್ರೇ ಸ್ಪೆಷಲಿಸ್ಟ್‌ಗೆ ಕಾಗದ ಕಳಿಸಿದ್ದರು. ನಾವು ಮಾಡಿದ್ದು ಬಿಲ್ ನೋಡಿ ಬೆವರಿದ್ದು ಮಾತ್ರ. ಇಲ್ಲಿ ನಾವೇ ಬಾಯಿಬಿಟ್ಟು ಕೇಳಬೇಕಾಯಿತು. ಬೇರೆಯವರ ಹತ್ತಿರ ಹೋಗ್ತೇವೆ ಅಂದರೆ ಬೇಜಾರಾದಾರು ಅಂತ ನಾನು ಎರಡು ವಾರ ಸುಮ್ನೆ ಕಳೆದೆ. ದಡ್ಡತನ! ಕೇಳಿದ ಕೂಡಲೇ ಕ್ಲಿನಿಕ್ಕಿನ ಡಾಕ್ಟ್ರು, "ಹಲ್ಲಿನ ಎಕ್ಸ್‌ರೇ ನಮ್ಮಲ್ಲಿ ಇಲ್ಲ ಮಾರಾಯ್ರೆ, ಬೆಂಗಳೂರಿಗೆ ಬರೆದುಕೊಡ್ತೇನೆ" ಅಂದರು. ಕಾಗದದಲ್ಲಿ ವಯಸ್ಸು, ತೂಕ, ಯಾವ ಮಾತ್ರೆ ಎಷ್ಟು ದಿನ, ಕಿಡ್ನಿ ಮತ್ತು ಲಿವರಿನ ರಕ್ತಪರೀಕ್ಷೆ, ಎಲ್ಲ ಇತ್ತು. ಅಲ್ಲಿ ಅದನ್ನು ನೋಡಿಯೇ ಅರಿವಳಿಕೆ ಲೆಕ್ಕ ಹಾಕಿದರು.

ಸುಮಾರು 400 ಕಿಲೋಮೀಟರ್ ದಾರಿ. ಶಿರಾಡಿ ಘಾಟಿಯ ತಿರುವಿನಲ್ಲಿ ಚುಕ್ಕಿ ಎರಡು ಸಲ ವಾಂತಿ ಮಾಡಿದಳು, ಮಗಳು ಒಂದು ಸಲ. ಹಲ್ಲು ಕಿತ್ತ ಮೇಲೆ ಎರಡು ವಾರ ಗಂಜಿ. ಗೆರಟೆಯನ್ನೆಲ್ಲ ಅಮ್ಮನೇ ಬಚ್ಚಲೊಲೆಗೆ ಹಾಕಿದರು.

ನಿಮ್ಮ ಲ್ಯಾಬ್ರಡಾರ್‌ಗೆ ನನ್ನ ಸಲಹೆ ಬೇರೆ. ಹೊರಡುವ ಮೊದಲೇ ಅಲ್ಲೇ ಹಲ್ಲು ತೋರಿಸಿ, ಬೇಕಾದ್ದು ಮಾಡಿಸಿ, ಎಕ್ಸ್‌ರೇ ಮತ್ತು ರಿಪೋರ್ಟು ಪೆನ್‌ಡ್ರೈವಿನಲ್ಲಿ ತನ್ನಿ. ಅರಿವಳಿಕೆ ಇಲ್ಲದೆ ಕ್ಲೀನ್ ಮಾಡ್ತೇವೆ ಅಂತ ಯಾರಾದರೂ ಅಂದರೆ ಬೇಡ. ಹಲ್ಲು ಹೊಳೆಯುತ್ತದೆ ನಿಜ, ಒಸಡಿನ ಒಳಗಿನ ಕೊಳೆ ಅಲ್ಲೇ ಉಳಿಯುತ್ತದೆ. ನಮ್ಮ ಪೇಸ್ಟ್ ಅವಕ್ಕೆ ಹಾಕಬೇಡಿ, ಉಗುಳಲು ಬರುವುದಿಲ್ಲ ಅಲ್ವಾ? ಕೆಲವು ಪೇಸ್ಟುಗಳಲ್ಲಿ ಸಿಹಿಗೆ ಹಾಕುವ ಝೈಲಿಟಾಲ್ ನಾಯಿಗೆ ವಿಷ.

ಈಗ ಬ್ರಶ್ ಮಾಡಿಸುವುದು ಮಗಳ ಕೆಲಸ. ಬಂದಾಗ ಅವಳಿಗೆ ಕನ್ನಡದಲ್ಲಿ ಇಪ್ಪತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ. ನಾಯಿಗೆ 42 ಹಲ್ಲು ಅಂತ ಗೊತ್ತಾದ ಮೇಲೆ ದಿನಾ ರಾತ್ರಿ ಜಗಲಿಯಲ್ಲಿ ಚುಕ್ಕಿಯ ತುಟಿ ಎತ್ತಿ ಎಣಿಸುತ್ತಾಳೆ. ನಲ್ವತ್ತೊಂದಕ್ಕೆ ನಿಲ್ಲಿಸುತ್ತಾಳೆ.