‘ವಂಶಪಾರಂಪರ್ಯ ಕ್ಯಾನ್ಸರ್’ ಎಂಬ ಪ್ರಯೋಗ: ಕೊಡಗಿನಿಂದ ಒಂದು ಪದಪ್ರಶ್ನೆ

ಮಾನ್ಯರೇ,

ವಿರಾಜಪೇಟೆ ಮತ್ತು ಸೋಮವಾರಪೇಟೆ ಕಡೆಯ ಮಹಿಳಾ ಸಂಘಗಳಲ್ಲಿ ಓದಿ ಹೇಳುವುದಕ್ಕಾಗಿ ಅಂಡಾಶಯ, ಗರ್ಭಕೋಶ ಮತ್ತು ಸ್ತನದ ಕ್ಯಾನ್ಸರುಗಳ ಕುರಿತು ಒಂದು ಮಾಹಿತಿ ಪತ್ರವನ್ನು ಸಿದ್ಧಪಡಿಸುತ್ತಿದ್ದೇನೆ. ಹೆತ್ತವರಿಂದ ಮಕ್ಕಳಿಗೆ ದಾಟುವ ಕ್ಯಾನ್ಸರ್ ಸಂಭವವನ್ನು ಪತ್ರಿಕೆಗಳು ‘ವಂಶಪಾರಂಪರ್ಯ ಕ್ಯಾನ್ಸರ್’ ಎಂದೂ ಪಠ್ಯಪುಸ್ತಕಗಳು ‘ಆನುವಂಶಿಕ’ ಎಂದೂ ಬರೆಯುತ್ತವೆ. ಈ ಎರಡೂ ಪದಗಳು ಕೊಡಗಿನ ಓದುಗರಿಗೆ ತಪ್ಪು ದಾರಿ ತೋರಿಸುತ್ತವೆ ಎಂಬುದು ನನ್ನ ಅನಿಸಿಕೆ. ಬೇರೆ ಪದ ಬೇಕೇ, ಬೇಕಾದರೆ ಯಾವುದು ಎಂದು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ನನ್ನ ಆಕ್ಷೇಪ ‘ವಂಶ’ ಎಂಬ ಮಾತಿನಿಂದಲೇ ಶುರುವಾಗುತ್ತದೆ. ಕೊಡವರಲ್ಲಿ ವಂಶವೆಂದರೆ ಒಕ್ಕ. ಒಕ್ಕ ನಡೆಯುವುದು ತಂದೆಯ ಕಡೆಯಿಂದ, ಮದುವೆಯಾದ ಹೆಣ್ಣು ಗಂಡನ ಒಕ್ಕಕ್ಕೆ ಸೇರುತ್ತಾಳೆ. ಹೀಗಿರುವಾಗ ‘ನಿಮ್ಮ ವಂಶದಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ’ ಎಂದು ಕೇಳಿದರೆ, ತಾಯಿಯನ್ನೇ ಅಂಡಾಶಯದ ಕ್ಯಾನ್ಸರಿನಿಂದ ಕಳೆದುಕೊಂಡ ಹೆಣ್ಣುಮಗಳೂ ‘ಇಲ್ಲ’ ಎಂದುಬಿಡಬಹುದು, ಏಕೆಂದರೆ ಅವಳ ತಾಯಿ ಹುಟ್ಟಿದ ಒಕ್ಕ ಬೇರೆ. ಮದುವೆಯಾದವಳು ಗಂಡನ ಮನೆಯ ಹಿರಿಯರನ್ನು ನೆನೆದು ಉತ್ತರಿಸುವುದೂ ಉಂಟು. ಕೊಡವರಲ್ಲಿ ಮಾತ್ರವಲ್ಲ, ಇಲ್ಲಿನ ಅರೆಭಾಷೆಯ ಗೌಡರ ಮನೆಗಳಲ್ಲೂ ವಂಶವೆಂದರೆ ಗಂಡು ಸಂತಾನದ ಸಾಲೇ.

ಜೀನಿನ ಲೆಕ್ಕ ಹಾಗಿಲ್ಲ. ಬಿಆರ್‌ಸಿಎ-1, ಬಿಆರ್‌ಸಿಎ-2 ಎಂಬವು, ಕೆಟ್ಟ ಬದಲಾವಣೆಯಾದಾಗ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಸಂಭವವನ್ನು ಹೆಚ್ಚಿಸುವ ಎರಡು ಜೀನುಗಳು. ಬಿಆರ್‌ಸಿಎ-1 ಜೀನ್ 17ನೆಯ ವರ್ಣತಂತುವಿನಲ್ಲಿದೆ ಎಂದು 1990ರಲ್ಲಿ ತೋರಿಸಿದವರು ಮೇರಿ ಕ್ಲೇರ್ ಕಿಂಗ್ ಮತ್ತು ಅವರ ಸಂಗಡಿಗರು. 1994ರಲ್ಲಿ ಆ ಜೀನನ್ನು ಪ್ರತ್ಯೇಕಿಸಲಾಯಿತು. ಬಿಆರ್‌ಸಿಎ-2 ಇರುವುದು 13ನೆಯದರಲ್ಲಿ. ಇವೆರಡೂ ಲಿಂಗವನ್ನು ನಿರ್ಧರಿಸುವ ವರ್ಣತಂತುಗಳಲ್ಲಿ ಇಲ್ಲದಿರುವುದರಿಂದ, ಕೆಟ್ಟ ಬದಲಾವಣೆಯುಳ್ಳ ಪ್ರತಿಯನ್ನು ತಾಯಿಯೂ ದಾಟಿಸಬಲ್ಲಳು, ತಂದೆಯೂ ದಾಟಿಸಬಲ್ಲ. ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ತನಗೆ ಯಾವ ಕಾಯಿಲೆಯೂ ಇಲ್ಲದ ತಂದೆ ತನ್ನ ತಾಯಿಯಿಂದ ಪಡೆದದ್ದನ್ನು ಮಗಳಿಗೆ ಕೊಟ್ಟಿರಬಹುದು. ಸುಮಾರು 10,000 ಮಹಿಳೆಯರನ್ನು ಅನುಸರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 80 ವರ್ಷದೊಳಗೆ ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ಬಿಆರ್‌ಸಿಎ-1ರಲ್ಲಿ ಬದಲಾವಣೆ ಇರುವವರಿಗೆ ಶೇಕಡ 44, ಬಿಆರ್‌ಸಿಎ-2ರಲ್ಲಿ ಇರುವವರಿಗೆ ಶೇಕಡ 17. ಉಳಿದವರಿಗೆ ಇದು ಶೇಕಡ 1ರ ಆಸುಪಾಸು. ಈ ಅಂಕಿಗಳೇ ಇನ್ನೊಂದು ಮಾತನ್ನೂ ಹೇಳುತ್ತವೆ: ದಾಟಿ ಬರುವುದು ಸಂಭವವೇ ಹೊರತು ಕ್ಯಾನ್ಸರ್ ಅಲ್ಲ. ‘ವಂಶಪಾರಂಪರ್ಯ ಕ್ಯಾನ್ಸರ್’ ಎಂದಾಗ ಆಸ್ತಿಯಂತೆ ಕಾಯಿಲೆಯೇ ಕೈಗೆ ಬರುತ್ತದೆಂಬ ಅರ್ಥ ಹುಟ್ಟುತ್ತದೆ, ಕೇಳಿದವರು ಪರೀಕ್ಷೆಗೇ ಹೆದರುತ್ತಾರೆ.

‘ಆನುವಂಶಿಕ’ದ ತೊಡಕು ಬೇರೆ ಬಗೆಯದು. ಜೀನಿಗೆ ಸಂಬಂಧಿಸಿದ ಎಲ್ಲಕ್ಕೂ ಇದನ್ನೇ ಬಳಸುವುದರಿಂದ, ಗೆಡ್ಡೆಯ ಕೋಶಗಳಲ್ಲಿ ಮಾತ್ರ ನಡುವಯಸ್ಸಿನಲ್ಲಿ ಉಂಟಾದ ಬದಲಾವಣೆಯೂ ಹುಟ್ಟಿನಿಂದ ಮೈಯ ಎಲ್ಲ ಕೋಶಗಳಲ್ಲಿರುವ ಬದಲಾವಣೆಯೂ ಒಂದೇ ಹೆಸರಿನಲ್ಲಿ ಸೇರಿಹೋಗುತ್ತವೆ. ಒಲಾಪರಿಬ್‌ನಂತಹ ಕ್ಯಾನ್ಸರ್ ಔಷಧ ಕೊಡುವ ಮುನ್ನ ಗೆಡ್ಡೆಯ ತುಣುಕನ್ನೂ ಪರೀಕ್ಷಿಸುತ್ತಾರೆ, ರಕ್ತವನ್ನೂ ಪರೀಕ್ಷಿಸುತ್ತಾರೆ. ಮಕ್ಕಳಿಗೆ, ಒಡಹುಟ್ಟಿದವರಿಗೆ ತಿಳಿಸಬೇಕಾದದ್ದು ರಕ್ತದಲ್ಲೂ ಕಂಡ ಬದಲಾವಣೆಯನ್ನು. ಇದಕ್ಕೆ ‘ಹುಟ್ಟಿನಿಂದ ಬಂದ ಬದಲಾವಣೆ’, ‘ಗೆಡ್ಡೆಯಲ್ಲಷ್ಟೇ ಆದ ಬದಲಾವಣೆ’ ಎಂದು ಬಿಡಿಸಿ ಬರೆದಿದ್ದೇನೆ. ‘ದೋಷಯುಕ್ತ ಜೀನ್’ ಎಂಬುದನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ. ಮದುವೆಯ ವಯಸ್ಸಿನ ಹುಡುಗಿಯ ಹೆಸರಿನೊಂದಿಗೆ ‘ದೋಷ’ ಎಂಬ ಮಾತು ಅಂಟಿಕೊಂಡರೆ ಆಗುವ ಹಾನಿಯನ್ನು ಯಾವ ವೈದ್ಯಕೀಯ ನಿಖರತೆಯೂ ತುಂಬಿಕೊಡಲಾರದು.

ಮನೆತನದ ಕಾಯಿಲೆಗಳನ್ನು ಬರೆದುಕೊಳ್ಳುವಾಗ ನಮ್ಮ ಸಂಬಂಧವಾಚಕಗಳೂ ತೊಡಕು ತರುತ್ತವೆ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ‘ದೊಡ್ಡಮ್ಮನಿಗೆ ಕ್ಯಾನ್ಸರ್ ಇತ್ತು’ ಎಂದರೆ ತಾಯಿಯ ಅಕ್ಕನಿಗೋ ತಂದೆಯ ಅಣ್ಣನ ಹೆಂಡತಿಗೋ? ಮೊದಲನೆಯವರ ಕಾಯಿಲೆ ಈ ಲೆಕ್ಕದಲ್ಲಿ ಬಹು ಮುಖ್ಯ, ಎರಡನೆಯವರದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ‘ಅತ್ತೆ’ ಎಂಬುದು ತಂದೆಯ ಸೋದರಿ, ಸೋದರಮಾವನ ಹೆಂಡತಿ, ಗಂಡನ ತಾಯಿ ಈ ಮೂವರಿಗೂ ಸಲ್ಲುತ್ತದೆ. ಸೋದರ ಸಂಬಂಧದಲ್ಲಿ ಮದುವೆಯಾಗಿದ್ದರೆ ಮೊದಲನೆಯವರೂ ಕೊನೆಯವರೂ ಒಬ್ಬರೇ ಆಗಿರಬಹುದು. ಆದ್ದರಿಂದ ನಮೂನೆಯಲ್ಲಿ ‘ತಾಯಿಯ ಒಡಹುಟ್ಟಿದವರು’, ‘ತಂದೆಯ ಒಡಹುಟ್ಟಿದವರು’ ಎಂದು ಎರಡು ಸಾಲು ಹಾಕಿದ್ದೇನೆ.

ಕಾಯಿಲೆಯ ಹೆಸರಿನಲ್ಲೂ ಇದೇ ಪಾಡು. ಜನರು ‘ಗರ್ಭಕೋಶದ ಕ್ಯಾನ್ಸರ್’ ಎನ್ನುವುದು ಮೂರು ಬೇರೆ ಕಾಯಿಲೆಗಳಿಗೆ. ಗರ್ಭಕೊರಳಿನದು ಬಹುಪಾಲು ಎಚ್‌ಪಿವಿ ವೈರಾಣುವಿನ ಸೋಂಕಿನಿಂದ ಬರುವಂಥದ್ದು, ಲಸಿಕೆಯಿಂದ ಬಹುಮಟ್ಟಿಗೆ ತಡೆಯಬಹುದಾದದ್ದು. ಗರ್ಭಕೋಶದ ಒಳಪದರದ್ದಾದರೆ, ದೊಡ್ಡಕರುಳಿನ ಕ್ಯಾನ್ಸರಿಗೂ ಎಡೆಮಾಡುವ ಲಿಂಚ್ ಸಿಂಡ್ರೋಮ್ ಎಂಬ, ಹೆತ್ತವರಿಂದ ದಾಟುವ ಸ್ಥಿತಿ ಮನೆತನದಲ್ಲಿದೆಯೇ ಎಂದು ನೋಡಬೇಕಾಗುತ್ತದೆ. ಅಂಡಾಶಯದ್ದಾದರೆ ಬಿಆರ್‌ಸಿಎ. ‘ಗರ್ಭಕೋಶ ತೆಗೆಸಿದ್ದಾರೆ’ ಎಂಬ ಮಾತೂ ಅಂಡಾಶಯಗಳನ್ನು ಉಳಿಸಿದ್ದಾರೋ ಇಲ್ಲವೋ ಎಂಬುದನ್ನು ತಿಳಿಸುವುದಿಲ್ಲ. ಬಿಆರ್‌ಸಿಎ-1ರ ಬದಲಾವಣೆ ಇರುವವರಿಗೆ ಹೆರಿಗೆಗಳು ಮುಗಿದ ಬಳಿಕ, 35ರಿಂದ 40ರ ವಯಸ್ಸಿನೊಳಗೆ, ಮುಂಜಾಗ್ರತೆಯಾಗಿ ತೆಗೆಯಲು ಸೂಚಿಸುವುದು ಅಂಡಾಶಯ ಮತ್ತು ಅಂಡನಾಳಗಳನ್ನು. ಅಂಡಾಶಯದ ಕ್ಯಾನ್ಸರ್ ಎಂದು ಕರೆಯುವುದರಲ್ಲಿ ಹೆಚ್ಚಿನ ಪಾಲು ಅಂಡನಾಳದ ತುದಿಯಲ್ಲೇ ಮೊಳೆಯುತ್ತದೆಂದು ಇತ್ತೀಚಿನ ಸಂಶೋಧನೆಗಳು ತೋರಿಸಿರುವುದರಿಂದ, ನಾಳದ ಹೆಸರನ್ನು ಬಿಡುವಂತಿಲ್ಲ.

ಮೂಲ ಪದಕ್ಕೆ ಸದ್ಯ ‘ಹೆತ್ತವರಿಂದ ಬರುವ ಕ್ಯಾನ್ಸರ್ ಸಂಭವ’ ಎಂದು ಬರೆದಿದ್ದೇನೆ. ‘ಹೆತ್ತವರು’ ಎಂಬಲ್ಲಿ ತಾಯಿತಂದೆ ಇಬ್ಬರೂ ಇದ್ದಾರೆ, ಒಕ್ಕದ ಗಡಿ ಇಲ್ಲ. ಉದ್ದವಾಯಿತೆಂಬ ಅಳುಕಿದೆ. ‘ರಕ್ತಸಂಬಂಧ’ವನ್ನು ಬಳಸೋಣವೆಂದರೆ ಅದು ಹತ್ತಿರದ ನಂಟರೊಳಗಿನ ಮದುವೆಯನ್ನು ಸೂಚಿಸುವ ಮಾತಾಗಿ ಬಳಕೆಯಲ್ಲಿದೆ. ಕೊಡವ ತಕ್ಕ್ ಮತ್ತು ಅರೆಭಾಷೆ ಬಲ್ಲವರು ಮುಖ್ಯವಾಗಿ ಎರಡು ವಿಷಯ ತಿಳಿಸಬೇಕು: ತಾಯಿಯ ತವರಿನ ಕಡೆಯವರನ್ನೂ ತಂದೆಯ ಕಡೆಯವರನ್ನೂ ಒಟ್ಟಿಗೆ ಹೇಳುವ ಮಾತು ಈ ನುಡಿಗಳಲ್ಲಿ ಇದೆಯೇ, ತಾಯಿಯ ಅಕ್ಕನನ್ನೂ ತಂದೆಯ ಅಣ್ಣನ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕರೆಯುವ ರೂಢಿ ಎಲ್ಲಾದರೂ ಉಳಿದಿದೆಯೇ? ಯಾವ ಊರಿನ ಬಳಕೆ ಎಂಬುದನ್ನೂ ಜೊತೆಗೆ ಬರೆದರೆ ಪತ್ರವನ್ನು ಆಯಾ ತಾಲ್ಲೂಕಿಗೆ ತಕ್ಕಂತೆ ತಿದ್ದಲು ಅನುಕೂಲವಾಗುತ್ತದೆ.